ಮೊದಲು ನಲ್ಲಿ, ಆಮೇಲೆ ಸೀಗಡಿ: ಗಿಡ ನೆಟ್ಟ ಸಣ್ಣ ಟ್ಯಾಂಕಿನಲ್ಲಿ ಮರಿ ಮಾಡಿಸಲು ಯಾವುದನ್ನು ಆರಿಸಬೇಕು?

ಮನೆಯಲ್ಲಿ ಸೀಗಡಿ ಸಾಕಿದ್ದೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ‘ಘೀ ರೋಸ್ಟಾ, ಸುಕ್ಕಾನಾ?’ ಕುಂದಾಪುರ ಕಡೆಯ ಗೆಳೆಯನೊಬ್ಬ ಟ್ಯಾಂಕಿನ ಮುಂದೆ ಬಗ್ಗಿ ನೋಡಿ, ‘ಇದೆಂಥ ಚಟ್ಲಿ ಮಾರಾಯಾ, ಹಲ್ಲಿನ ಸಂದಿಗೂ ಸಾಲ್ದು’ ಅಂದ. ನಿಜವೇ. ಚೆನ್ನಾಗಿ ಬೆಳೆದರೂ ಇವು ಇಂಚು, ಇಂಚೂಕಾಲು. ಇವನ್ನು ಸಾಕುವುದು ನೋಡಲಿಕ್ಕೆ, ಮರಿ ಮಾಡಿಸಲಿಕ್ಕೆ.

ಹೊಸದಾಗಿ ಶುರು ಮಾಡುವವರು ಸಾಮಾನ್ಯವಾಗಿ ಹೋಗುವ ದಾರಿ ಹೀಗಿರುತ್ತದೆ. ಮೊದಲು ಫೋಟೋ ನೋಡಿ ಒಂದು ಸೀಗಡಿಗೆ ಮನಸೋಲುತ್ತಾರೆ. ಆಮೇಲೆ ಟ್ಯಾಂಕ್, ಆಮೇಲೆ ಗಿಡ, ಮಣ್ಣು, ಲೈಟು. ಕೊನೆಗೆ ಬಚ್ಚಲಿನ ನಲ್ಲಿಯಿಂದ ಒಂದು ಬಕೆಟ್ ನೀರು ಸುರಿದು ಮುಗಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಯಾರಾದರೂ ‘ಯಾವ ಸೀಗಡಿ ತರಲಿ?’ ಅಂತ ಕೇಳಿದರೆ, ‘ನಿಮ್ಮ ಮನೆಗೆ ಯಾವ ನೀರು ಬರುತ್ತೆ?’ ಅಂತ ತಿರುಗಿ ಕೇಳುತ್ತೇನೆ.

ಹೋಲಿಕೆಗೆ ಮೊದಲು ಅಂಗಡಿಯಲ್ಲಿ ಏನೇನು ಸಿಗುತ್ತೆ ಅಂತ ನೋಡೋಣ.

ಚೆರ್ರಿ, ಕ್ರಿಸ್ಟಲ್, ಅಮಾನೋ

ಚೆರ್ರಿ ಸೀಗಡಿಯ ವೈಜ್ಞಾನಿಕ ಹೆಸರು ನಿಯೋಕರಿಡಿನಾ ಡೇವಿಡಿ. ಮೂಲ ಊರು ಚೀನಾ, ತೈವಾನ್ ಕಡೆಯ ಹಳ್ಳಕೊಳ್ಳ. ಕಾಡಿನಲ್ಲಿ ಇದರ ಬಣ್ಣ ಕೆಸರಿನ ಹಾಗೆ ಕಂದು. ಕೆಂಪು, ಹಳದಿ, ನೀಲಿ, ಕಿತ್ತಳೆ ಎಲ್ಲವೂ ಸಾಕಿದವರು ಆರಿಸಿ ಆರಿಸಿ ತಂದದ್ದು. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಪಿಹೆಚ್ 6.5ರಿಂದ 8ರವರೆಗೆ ಇದ್ದರೂ ನಡೆಯುತ್ತದೆ. ಬಿಸಿ 20ರಿಂದ 28 ಡಿಗ್ರಿ. ಒಂದು ಹೆಣ್ಣು ಒಂದು ಸಲಕ್ಕೆ 20–30 ಮೊಟ್ಟೆಯನ್ನು ಹೊಟ್ಟೆಯ ಕೆಳಗೆ ಹೊತ್ತುಕೊಂಡು ಓಡಾಡುತ್ತದೆ. ಮೂರು ನಾಲ್ಕು ವಾರಕ್ಕೆ ಮರಿ. ಆ ಮರಿ ಹುಟ್ಟುವಾಗಲೇ ಪೂರ್ತಿ ಸೀಗಡಿಯ ಆಕಾರದಲ್ಲಿರುತ್ತದೆ, ಗಾತ್ರ ಮಾತ್ರ ಒಂದೆರಡು ಮಿಲಿಮೀಟರ್.

ಕ್ರಿಸ್ಟಲ್ ರೆಡ್ ಬೇರೆ ಕುಲ, ಕರಿಡಿನಾ. 1990ರ ದಶಕದಲ್ಲಿ ಜಪಾನಿನ ಹಿಸಾಯಾಸು ಸುಜುಕಿ ಅವರು ಕಪ್ಪು-ಬಿಳಿ ಪಟ್ಟೆಯ ಸೀಗಡಿಗಳ ನಡುವೆ ಹುಟ್ಟಿದ ಕೆಂಪು ಮರಿಗಳನ್ನು ಬೇರ್ಪಡಿಸಿ ಬೆಳೆಸಿದ ತಳಿ ಇದು. ನೋಡಲು ಬಲು ಚೆಂದ. ಆದರೆ ಬೇಡಿಕೆಗಳೂ ಅಷ್ಟೇ. ಪಿಹೆಚ್ 6ರ ಆಸುಪಾಸು, ಕಾರ್ಬೊನೇಟ್ ಇಲ್ಲದ ಮೆದು ನೀರು, ಬಿಸಿ 24 ದಾಟಬಾರದು. ಇದೂ ಪೂರ್ತಿ ಮರಿಯನ್ನೇ ಹಾಕುತ್ತದೆ. ನೀರು ಸರಿ ಇಲ್ಲದಿದ್ದರೆ ಮಾತ್ರ ಮರಿ ಹುಟ್ಟಿದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು.

ಅಮಾನೋ ಸೀಗಡಿಯನ್ನು ಅಂಗಡಿಯವರು ‘ಪಾಚಿ ತಿನ್ನುತ್ತೆ ಸಾರ್’ ಅಂತ ಕೊಡುತ್ತಾರೆ. ಅದು ಸುಳ್ಳಲ್ಲ. ಜಪಾನಿನ ತಕಾಶಿ ಅಮಾನೋ ಅವರು 1980ರ ದಶಕದಲ್ಲಿ ತಮ್ಮ ಗಿಡದ ಟ್ಯಾಂಕುಗಳಲ್ಲಿ ಪಾಚಿ ತಿನ್ನಿಸಲೆಂದೇ ಇದನ್ನು ಬಳಸಿ ಹೆಸರಾಗಿಸಿದರು. ಮರಿ ಮಾಡಿಸುವ ಆಸೆ ಇದ್ದರೆ ಇದನ್ನು ಬಿಟ್ಟುಬಿಡಿ. ಮೊಟ್ಟೆ ಹೊರುತ್ತದೆ, ನೀವೂ ಖುಷಿಪಡುತ್ತೀರಿ, ಆಮೇಲೆ ಏನೂ ಕಾಣುವುದಿಲ್ಲ. ಇದರ ಲಾರ್ವಾಗಳಿಗೆ ಉಪ್ಪು ನೀರು ಬೇಕು. ಸಿಹಿನೀರಿನಲ್ಲಿ ಕೆಲವೇ ದಿನಕ್ಕೆ ಸಾಯುತ್ತವೆ.

ನಾಲ್ಕನೆಯದು ಅಂಗಡಿಯಲ್ಲಿ ‘ಘೋಸ್ಟ್’ ಅಂತ ಅಗ್ಗಕ್ಕೆ ಸಿಗುವ ಗಾಜಿನ ಬಣ್ಣದ ಸೀಗಡಿ. ಮುಂದಿನ ಕಾಲು ಉದ್ದವಾಗಿ ತುದಿಯಲ್ಲಿ ಇಕ್ಕಳ ಇದ್ದರೆ ಕೈ ಮುಗಿದು ಬನ್ನಿ. ಅವು ನಮ್ಮ ಹೊಳೆಗಳಲ್ಲೂ ಸಿಗುವ ಮ್ಯಾಕ್ರೋಬ್ರಾಕಿಯಂ ಜಾತಿಯವು ಇರಬಹುದು. ರಾತ್ರಿ ಲೈಟ್ ಆರಿಸಿದ ಮೇಲೆ ಚೆರ್ರಿಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತವೆ.

ಹಾಗಾಗಿ ನಿಜವಾದ ಆಯ್ಕೆ ಚೆರ್ರಿ ಮತ್ತು ಕ್ರಿಸ್ಟಲ್ ನಡುವೆ. ಅದನ್ನು ತೀರ್ಮಾನಿಸುವುದು ನಿಮ್ಮ ಇಷ್ಟಕ್ಕಿಂತ ಜಾಸ್ತಿ ನಿಮ್ಮ ನಲ್ಲಿ.

ನಿಮ್ಮ ಮನೆಗೆ ಯಾವ ನೀರು?

ಕೆಲವು ನೂರು ರೂಪಾಯಿಗೆ ಪೆನ್ನಿನಂಥ ಟಿಡಿಎಸ್ ಮೀಟರ್ ಸಿಗುತ್ತದೆ. ಮೊದಲು ಅದನ್ನು ಕೊಳ್ಳಿ. ಜೊತೆಗೆ ಹನಿ ಹಾಕಿ ಬಣ್ಣ ನೋಡುವ ಜಿಹೆಚ್ ಟೆಸ್ಟ್ ಕಿಟ್ ಒಂದು. ಟಿಡಿಎಸ್ ಹೇಳುವುದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ. ಜಿಹೆಚ್ ಹೇಳುವುದು ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ. ಸೀಗಡಿ ಪೊರೆ ಬಿಟ್ಟು ಹೊಸ ಚಿಪ್ಪು ಕಟ್ಟಿಕೊಳ್ಳುವುದು ಈ ಎರಡನೆಯದರಿಂದ. ಚೆರ್ರಿಗೆ ಜಿಹೆಚ್ 6ರಿಂದ 10, ಟಿಡಿಎಸ್ 150ರಿಂದ 300 ಇದ್ದರೆ ಸಾಕು. ಕ್ರಿಸ್ಟಲ್‌ಗೆ ಜಿಹೆಚ್ 4ರಿಂದ 6, ಟಿಡಿಎಸ್ 100ರಿಂದ 150.

ಬೆಂಗಳೂರಿನ ಕಾವೇರಿ ನೀರು ಚೆರ್ರಿಗೆ ಹೇಳಿ ಮಾಡಿಸಿದ ಹಾಗಿದೆ. ಕ್ಲೋರಿನ್ ಒಂದನ್ನು ತೆಗೆಯಬೇಕು ಅಷ್ಟೆ. ಅಂಗಡಿಯ ಆಂಟಿ-ಕ್ಲೋರಿನ್ ಹನಿ ಹಾಕಿ, ಇಲ್ಲವೇ ಬಕೆಟ್ಟಿನಲ್ಲಿ ಒಂದು ದಿನ ಗಾಳಿ ಪಂಪ್ ಬಿಟ್ಟು ಇಡಿ. ನಾನು ಎರಡನ್ನೂ ಮಾಡುತ್ತೇನೆ.

ಬೋರ್ ನೀರಾದರೆ ಅಳೆಯದೆ ಹೇಳುವುದು ಕಷ್ಟ. ಒಂದೇ ಬೀದಿಯ ಎರಡು ಬೋರ್‌ಗೆ ಎರಡು ಥರ. ಗಡಸು ಜಾಸ್ತಿ ಇದ್ದರೆ ಆರ್‌ಓ ನೀರು ಬೆರೆಸಬಹುದು. ಲೆಕ್ಕ ಸುಲಭ. ಬೋರ್ ನೀರಿನ ಟಿಡಿಎಸ್ 600, ಆರ್‌ಓ ನೀರಿನದು 30 ಇದೆ ಅಂದುಕೊಳ್ಳಿ. ಒಂದು ಚೊಂಬು ಬೋರ್‌ಗೆ ಎರಡು ಚೊಂಬು ಆರ್‌ಓ ಹಾಕಿದರೆ 660ನ್ನು ಮೂರರಿಂದ ಭಾಗಿಸಿ, 220. ಬೋರ್‌ನ ಜಿಹೆಚ್ 18 ಇದ್ದದ್ದು 6ಕ್ಕೆ ಬರುತ್ತದೆ. ಚೆರ್ರಿಗೆ ಇದಕ್ಕಿಂತ ಒಳ್ಳೆಯ ನೀರು ಬೇಕಿಲ್ಲ. ಟ್ಯಾಂಕರ್ ನೀರಿನವರಿಗೆ ಮಾತ್ರ ನನ್ನ ಸಲಹೆ ಬೇರೆ. ಲೋಡ್ ಬಂದಾಗಲೆಲ್ಲ ಅದರ ಮೂಲ ಬದಲಾಗಬಹುದು. ಸೀಗಡಿಗೆ ಕೆಟ್ಟ ನೀರಿಗಿಂತ ದಿನಕ್ಕೊಂದು ಥರದ ನೀರು ಅಪಾಯ. ಆರ್‌ಓ ನೀರಿಗೆ ಖನಿಜದ ಪುಡಿ ಸೇರಿಸಿ ನೀವೇ ನೀರು ತಯಾರಿಸಿಕೊಳ್ಳುವುದು ವಾಸಿ.

ಅಪಾರ್ಟ್‌ಮೆಂಟಿನವರು ಇಲ್ಲಿ ಸ್ವಲ್ಪ ನಿಧಾನಿಸಿ. ಕೆಳಗೆ ಪಂಪ್ ರೂಮಿನಲ್ಲಿ ಉಪ್ಪಿನ ಮೂಟೆಗಳು ಪೇರಿಸಿಟ್ಟಿವೆಯಾ ನೋಡಿ ಬನ್ನಿ. ಇದ್ದರೆ ನಿಮ್ಮ ನೀರು ಸಾಫ್ಟ್‌ನರ್ ಹಾಯ್ದು ಬರುತ್ತದೆ. ಆ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಟಿಡಿಎಸ್ ಮೀಟರ್ 500 ತೋರಿಸುತ್ತದೆ, ಜಿಹೆಚ್ ಹೆಚ್ಚುಕಡಿಮೆ ಸೊನ್ನೆ. ಮೀಟರ್ ನೋಡಿ ‘ಗಡಸು ನೀರು, ಖನಿಜ ಬೇಕಾದಷ್ಟಿದೆ’ ಅಂದುಕೊಂಡರೆ ಮೋಸ ಹೋದಿರಿ. ಪೊರೆ ಬಿಡುವಾಗ ತಲೆ ಮತ್ತು ಬೆನ್ನಿನ ನಡುವೆ ಸುತ್ತಲೂ ಬಿಳಿ ಉಂಗುರ ಕಾಣಿಸಿ, ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತವೆ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರು ಎಲ್ಲಾದರೂ ನಲ್ಲಿಯಲ್ಲಿ ಸಿಗುತ್ತದಾ ಅಂತ ಪ್ಲಂಬರ್‌ನ ಕೇಳಿ. ನಮ್ಮ ಕಟ್ಟಡದಲ್ಲಿ ಗಿಡಕ್ಕೆ ಬಿಡುವ ನಲ್ಲಿಯಲ್ಲಿ ಸಿಕ್ಕಿತು.

ಮಲೆನಾಡು, ಕರಾವಳಿಯ ಕಡೆ ಲೆಕ್ಕ ಉಲ್ಟಾ. ಮುರಕಲ್ಲಿನ ನೆಲದ ಎಷ್ಟೋ ಬಾವಿಗಳ ನೀರು ಮೆದು, ಪಿಹೆಚ್ಚೂ ಕಡಿಮೆ. ಅಲ್ಲಿ ಚೆರ್ರಿಗೇ ಖನಿಜ ಸಾಲದೆ ಬರಬಹುದು. ಒಂದು ತುಂಡು ಕಟಲ್ ಬೋನ್ (ಕಟಲ್ ಫಿಶ್ ಅನ್ನುವ ಕಡಲ ಜೀವಿಯ ಸುಣ್ಣದಂಥ ಒಳಚಿಪ್ಪು) ಹಾಕಿದರೆ ನಿಧಾನಕ್ಕೆ ಕರಗುತ್ತಾ ಕ್ಯಾಲ್ಸಿಯಂ ಕೊಡುತ್ತದೆ. ನೀರಿನ ದೃಷ್ಟಿಯಿಂದ ಕ್ರಿಸ್ಟಲ್ ಸಾಕಲು ಸಾಗರ, ತೀರ್ಥಹಳ್ಳಿಯವರಿಗೆ ನಮಗಿಂತ ಹತ್ತಿರದ ದಾರಿ ಇದೆ. ಮಂಗಳೂರಿನಲ್ಲಿ ನೀರು ಒಪ್ಪಿದರೂ ಸೆಕೆ ಒಪ್ಪುವುದಿಲ್ಲ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಒಣ ಹವೆಯ ಕಲಬುರಗಿ, ವಿಜಯಪುರದಲ್ಲಿ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಕ್ಕಷ್ಟೆ. ಈ ಎರಡೂ ಕಡೆ ಚಿಲ್ಲರ್ ಇಲ್ಲದೆ ಕ್ರಿಸ್ಟಲ್ ಬೇಡ.

ಆರ್‌ಓ ಬಗ್ಗೆ ಹೇಳುವಾಗ ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಮನೆಯ ಹಳೆಯ ಪ್ಯೂರಿಫೈಯರ್ ಕೆಟ್ಟು ಹೊಸದು ಬಂತು. ತಾಮ್ರದ ಅಂಶ ಸೇರಿಸುತ್ತದೆ ಅಂತ ಅದರ ಮೈಮೇಲೆಯೇ ದೊಡ್ಡದಾಗಿ ಬರೆದಿತ್ತು. ಅಮ್ಮನಿಗೆ ಖುಷಿ, ಅಜ್ಜಿಯ ತಾಮ್ರದ ಬಿಂದಿಗೆ ನೆನಪಾಯಿತು. ನಾನು ಎಂದಿನಂತೆ ಎರಡು ಲೀಟರ್ ಹಿಡಿದು, ಆರಿಹೋದ ನೀರಿನ ಜಾಗಕ್ಕೆ ಟ್ಯಾಂಕಿಗೆ ಸುರಿದೆ. ಎರಡು ವಾರ ಹಾಗೇ ಸುರಿದೆ. ಒಂದು ಬೆಳಗ್ಗೆ ಸೀಗಡಿಗಳು ಮೇಯುವುದು ಬಿಟ್ಟು ಗಾಜಿನ ಉದ್ದಕ್ಕೂ ದಿಕ್ಕಿಲ್ಲದೆ ಈಜುತ್ತಿದ್ದವು. ಸಂಜೆಗೆ ನಾಲ್ಕು ಮಗ್ಗುಲಾಗಿ ಬಿದ್ದಿದ್ದವು. ಐವತ್ತರ ಹತ್ತಿರ ಇದ್ದದ್ದು ವಾರ ಕಳೆಯುವುದರಲ್ಲಿ ಹನ್ನೊಂದಾಯಿತು. ಸೀಗಡಿಯ ರಕ್ತದಲ್ಲೇ ತಾಮ್ರ ಇದೆ, ಆದರೂ ನೀರಿನಲ್ಲಿ ಚೂರು ಜಾಸ್ತಿಯಾದರೆ ಅದಕ್ಕೆ ವಿಷ. ಮೀನಿನ ಔಷಧಿಗಳಲ್ಲೂ ತಾಮ್ರ ಇರುತ್ತದೆ, ಲೇಬಲ್ ಓದಿ. ಹಂಡೆಯ ನೀರಂತೂ ಬೇಡವೇ ಬೇಡ. ಈಗ ನಾನು ಖನಿಜ ಸೇರುವ ಮುಂಚೆಯೇ, ಮೆಂಬ್ರೇನ್‌ನಿಂದ ನೇರವಾಗಿ ಬರುವ ನೀರನ್ನು ‘T’ ಆಕಾರದ ಕನೆಕ್ಟರ್ ಹಾಕಿಸಿ ಬೇರೆ ಹಿಡಿಯುತ್ತೇನೆ.

ಆರಿಹೋದ ನೀರಿನ ಜಾಗಕ್ಕೆ ಆರ್‌ಓ ಯಾಕೆ ಅಂದರೆ, ಆವಿಯಾಗುವುದು ನೀರು ಮಾತ್ರ, ಖನಿಜ ಟ್ಯಾಂಕಿನಲ್ಲೇ ಉಳಿಯುತ್ತೆ. ಬೋರ್ ನೀರನ್ನೇ ಸುರಿಯುತ್ತಾ ಹೋದರೆ ಮೂರು ತಿಂಗಳಲ್ಲಿ ಟಿಡಿಎಸ್ ಎಲ್ಲಿಗೋ ಹೋಗಿರುತ್ತದೆ.

ಟ್ಯಾಂಕ್: ಒಂದಡಿ ಕ್ಯೂಬಾ, ಒಂದೂವರೆ ಅಡಿಯಾ, ಎರಡಡಿಯಾ?

ಬೌಲ್ ಬೇಡ. ಅದರ ಬಗ್ಗೆ ಇಷ್ಟೇ.

ಒಂದಡಿ ಕ್ಯೂಬ್ ತುಂಬಾ ತುಂಬಿದರೆ 28 ಲೀಟರ್. ಮಣ್ಣು, ಕಟ್ಟಿಗೆ, ಮೇಲೆ ಬಿಟ್ಟ ಜಾಗ ಕಳೆದರೆ 22–23 ಉಳಿಯುತ್ತದೆ. ಮೇಜಿನ ಮೇಲೆ ಮುದ್ದಾಗಿ ಕಾಣುತ್ತೆ, ಚೆರ್ರಿ ಅದರಲ್ಲೂ ಮರಿ ಮಾಡುತ್ತೆ. ಆದರೆ ಒಂದು ದಿನ ಊಟ ಜಾಸ್ತಿ ಹಾಕಿದರೆ ನೀರು ಕೆಟ್ಟಿತು. ಎರಡಡಿ ಟ್ಯಾಂಕಿನಲ್ಲಿ 56 ಲೀಟರ್, ಇಂಥ ತಪ್ಪನ್ನು ನುಂಗಿಕೊಳ್ಳುತ್ತದೆ. ಭಾರ ಮಾತ್ರ ಗಾಜು, ಕಲ್ಲು ಸೇರಿ 70 ಕಿಲೋ ಹತ್ತಿರ, ಸ್ಟ್ಯಾಂಡ್ ಗಟ್ಟಿ ಬೇಕು. ನನ್ನ ಓಟು ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದಕ್ಕೆ. ಸೀಗಡಿ ಮೀನಿನ ಹಾಗೆ ನೀರಿನ ನಡುವೆ ಬದುಕುವುದಿಲ್ಲ, ನೆಲ ಮತ್ತು ಎಲೆಗಳ ಮೇಲೆ ಬದುಕುತ್ತದೆ. ಎತ್ತರಕ್ಕೆ ಕೊಡುವ ದುಡ್ಡು ದಂಡ. ಅಗಲಕ್ಕೆ ಕೊಡಿ.

ಫಿಲ್ಟರ್‌ನಲ್ಲಿ ಜಾಸ್ತಿ ಯೋಚಿಸಬೇಡಿ, ಸ್ಪಂಜ್ ಫಿಲ್ಟರ್. ಹಿಂಬದಿಗೆ ನೇತು ಹಾಕುವ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತದೆ. ಅದೇ ಬೇಕಾದರೆ ಹೀರುವ ಬಾಯಿಗೆ ಸ್ಪಂಜ್ ತೊಡಿಸಿ. ಸ್ಪಂಜ್ ಫಿಲ್ಟರ್ ನೋಡಲು ಚೆಂದವಿಲ್ಲ, ಗುಳುಗುಳು ಸದ್ದು ಬೇರೆ. ಆದರೆ ಅದರ ಮೈಮೇಲೆ ಕಟ್ಟುವ ಲೋಳೆಯೇ ಮರಿಗಳ ಊಟ. ನಮ್ಮ ಮನೆಯಲ್ಲಿ ಮರಿ ಎಣಿಸಬೇಕಾದರೆ ಟಾರ್ಚ್ ಹಿಡಿದು ನೋಡುವುದು ಸ್ಪಂಜನ್ನೇ. ಅದರ ಗಾಳಿ ಪಂಪ್‌ಗೆ ಬೇಕಾಗುವುದು ಎರಡು ಮೂರು ವ್ಯಾಟ್. ಇನ್ವರ್ಟರ್ ಲೈನಿಗೆ ಸಿಕ್ಕಿಸಿದರೆ ಕರೆಂಟ್ ಹೋದರೂ ಚಿಂತೆ ಇಲ್ಲ.

ನೆಲಕ್ಕೆ ಏನು ಹಾಕುವುದು?

ಇಲ್ಲಿ ಅಂಗಡಿಯವರು ಎಲ್ಲರಿಗೂ ದುಬಾರಿ ಸಾಯಿಲ್ ಮಾರುತ್ತಾರೆ. ಆಕ್ಟಿವ್ ಸಾಯಿಲ್ ಅಂದರೆ ಸುಟ್ಟ ಮಣ್ಣಿನ ಸಣ್ಣ ಗುಳಿಗೆಗಳು. ಅದು ಪಿಹೆಚ್ಚನ್ನು 6ರ ಆಸುಪಾಸಿಗೆ ಇಳಿಸಿ ಹಿಡಿದಿಡುತ್ತದೆ. ಕ್ರಿಸ್ಟಲ್‌ಗೆ ಅದು ಬೇಕೇ ಬೇಕು. ಆದರೆ ಅದರ ಶಕ್ತಿ ಒಂದು, ಒಂದೂವರೆ ವರ್ಷಕ್ಕೆ ಮುಗಿಯುತ್ತದೆ, ಟ್ಯಾಂಕ್ ಬಿಚ್ಚಿ ಹೊಸದು ಹಾಕಬೇಕು. ಶುರುವಿನ ವಾರಗಳಲ್ಲಿ ಅಮೋನಿಯಾ ಬಿಡುವುದೂ ಉಂಟು. ಬೋರ್ ನೀರು ಸುರಿದರೆ ಅದರ ಕಾರ್ಬೊನೇಟ್ ಜೊತೆ ಗುದ್ದಾಡಿ ಗುದ್ದಾಡಿ ಕೆಲವೇ ತಿಂಗಳಲ್ಲಿ ಸುಸ್ತಾಗುತ್ತದೆ. ದುಡ್ಡು ನೀರಿಗೆ ಹಾಕಿದ ಹಾಗೆ, ಅಕ್ಷರಶಃ.

ಚೆರ್ರಿಗೆ ಎರಡು ಮೂರು ಮಿಲಿಮೀಟರಿನ ಕಪ್ಪು ಜಲ್ಲಿ ಸಾಕು. ಅದರ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣದ ಅಂಶ ಇದೆ, ನೀರನ್ನು ಗಡಸು ಮಾಡುತ್ತದೆ. ಕಪ್ಪು ಯಾಕೆ ಅಂದರೆ ಸೀಗಡಿ ನೆಲದ ಬಣ್ಣ ನೋಡಿ ತನ್ನ ಬಣ್ಣ ಹೊಂದಿಸಿಕೊಳ್ಳುತ್ತದೆ. ಬಿಳಿ ಮರಳಿನ ಮೇಲೆ ಬಿಟ್ಟ ಕೆಂಪು ಚೆರ್ರಿ ವಾರದಲ್ಲಿ ತೊಳೆದ ಬಟ್ಟೆಯ ಹಾಗೆ ಪೇಲವ ಆಗುತ್ತದೆ.

ಗಿಡ

ಒಂದೇ ಗಿಡ ಹಾಕಬಹುದು ಅಂದರೆ ಜಾವಾ ಮಾಸ್ ಹಾಕಿ. ಮುಷ್ಟಿಯಷ್ಟು ಮಾಸ್ ಅಂದರೆ ಸಾವಿರಾರು ಎಳೆ, ಒಂದೊಂದು ಎಳೆಯ ಮೇಲೂ ಲೋಳೆಪದರ, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು. ಭೂತಗನ್ನಡಿ ಹಿಡಿದು ಒಂದು ಸೀಗಡಿಯನ್ನೇ ಐದು ನಿಮಿಷ ನೋಡಿ. ಮುಂದಿನ ಎರಡು ಜೊತೆ ಕಾಲಿನ ತುದಿಯಲ್ಲಿ ಕುಂಚದಂಥ ಕೂದಲು ಇದೆ. ಕೆರೆದು ಬಾಯಿಗೆ, ಕೆರೆದು ಬಾಯಿಗೆ, ಎಡಗೈ ಬಲಗೈ ಬಿಡುವೇ ಇಲ್ಲ. ಅನುಬಿಯಾಸ್, ಜಾವಾ ಫರ್ನ್ ಕಟ್ಟಿಗೆಗೆ ಕಟ್ಟಿದರೆ ಮಣ್ಣೂ ಬೇಡ, ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರೂ ಬೇಡ. ಮೇಲೆ ತೇಲುವ ಸಾಲ್ವಿನಿಯಾ ಒಂದಿಷ್ಟು ಇದ್ದರೆ ನೈಟ್ರೇಟ್ ಹೀರುತ್ತೆ. ವಾರಕ್ಕೊಮ್ಮೆ ಅರ್ಧ ತೆಗೆದು ಹೂಕುಂಡಕ್ಕೆ ಹಾಕಿ. ಕೆಂಪು ಎಲೆಯ ರೊಟಾಲಾ ತರಹದ ಗಿಡಗಳಿಗೆ ಜೋರು ಬೆಳಕು, ಗೊಬ್ಬರ ಬೇಕು. ಮರಿ ಮುಖ್ಯವಾದರೆ ಅದು ಎರಡನೇ ಟ್ಯಾಂಕಿಗೆ ಇರಲಿ. ಲೈಟ್ ದಿನಕ್ಕೆ ಏಳು ಗಂಟೆ.

ಹೊಸ ಗಿಡವನ್ನು ನೇರ ಟ್ಯಾಂಕಿಗೆ ಹಾಕಬೇಡಿ. ನರ್ಸರಿಯಲ್ಲಿ ಕೀಟನಾಶಕ ಹೊಡೆದಿರಬಹುದು. ದಿನಾ ನೀರು ಬದಲಿಸುತ್ತಾ ಒಂದು ವಾರ ಬಕೆಟ್ಟಿನಲ್ಲಿ ಇಡಿ. ಗಿಡದ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿಹುಳವೂ ಬರಬಹುದು, ಅದೊಂದೇ ಸಾಕು ಟ್ಯಾಂಕ್ ಖಾಲಿ ಮಾಡಲು. ಅದೇ ಕೋಣೆಯಲ್ಲಿ ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ ಬಳಸಬೇಡಿ. ಕೀಟಕ್ಕೆ ವಿಷವಾದದ್ದು ಸೀಗಡಿಗೂ ವಿಷವೇ.

ಬಣ್ಣ ಬೆರೆಸಬೇಕಾ? ಮೀನು ಬಿಡಬೇಕಾ?

ಕೆಂಪು, ಹಳದಿ, ನೀಲಿ ಒಟ್ಟಿಗೆ ಬಿಟ್ಟರೆ ಮೊದಲ ದಿನ ಜಾತ್ರೆಯ ಹಾಗೆ ಕಾಣುತ್ತೆ. ಎಲ್ಲವೂ ಒಂದೇ ಜಾತಿ, ಕೂಡುತ್ತವೆ. ಎರಡು ಮೂರು ತಲೆಮಾರಿಗೆ ಮರಿಗಳು ಹಳ್ಳದ ಕಂದು ಬಣ್ಣಕ್ಕೇ ವಾಪಸ್. ಒಂದು ಟ್ಯಾಂಕ್, ಒಂದು ಬಣ್ಣ. ಚೆರ್ರಿ ಮತ್ತು ಕ್ರಿಸ್ಟಲ್ ಮಾತ್ರ ಬೆರೆಯುವುದಿಲ್ಲ, ಆದರೆ ಇಬ್ಬರಿಗೂ ಬೇಕಾದ ನೀರೇ ಬೇರೆ ಆದ್ದರಿಂದ ಒಂದೇ ಮನೆಯಲ್ಲಿ ಇಡುವುದು ಯಾರಿಗೂ ನ್ಯಾಯವಲ್ಲ.

ಮೀನಿನ ವಿಷಯ: ಬಾಯಿಗೆ ಹಿಡಿಯುವುದನ್ನೆಲ್ಲ ಮೀನು ತಿನ್ನುತ್ತದೆ. ಗಪ್ಪಿ ಸಾಧು ಅನ್ನುವವರು ಅದು ಮರಿ ಸೀಗಡಿಯನ್ನು ಗುಳುಂ ಮಾಡುವುದನ್ನು ನೋಡಿಲ್ಲ. ಫೈಟರ್ ಅಂತೂ ದೊಡ್ಡವನ್ನೂ ಬಿಡುವುದಿಲ್ಲ. ಬಸವನಹುಳು ಇರಲಿ, ಸಾಕು.

ಊಟ

ಪ್ಯಾಕೆಟ್ ಆಹಾರಕ್ಕೂ ಸೊಪ್ಪಿಗೂ ಹೋಲಿಸಿದರೆ ನಾನು ಸೊಪ್ಪಿನ ಕಡೆ. ಒಣಗಿಸಿದ ಹಿಪ್ಪುನೇರಳೆ ಎಲೆ ಸೀಗಡಿ ಸಾಕುವವರು ಹುಡುಕಿಕೊಂಡು ಕೊಳ್ಳುವ ವಸ್ತು. ನಮಗೆ ರಾಮನಗರದ ಕಡೆ ನೆಂಟರಿದ್ದರೆ ಪುಕ್ಕಟೆ. ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪಾದರೆ ಇನ್ನೂ ಧೈರ್ಯ, ಔಷಧಿ ಉಳಿದ ಸೊಪ್ಪು ಹಾಕಿದರೆ ಹುಳವೇ ಸಾಯುತ್ತೆ ಅಂತ ಬೆಳೆಗಾರರಿಗೆ ಗೊತ್ತು. ರಸ್ತೆ ಬದಿಯ ಕಾಡು ಬಾದಾಮಿಯ ಒಣಗಿ ಉದುರಿದ ಎಲೆಯೂ ಒಳ್ಳೆಯದು, ತೊಳೆದು ಒಂದು ಕುದಿ ಬರಿಸಿ ಹಾಕಿ. ಪೇಟೆಯ ಪಾಲಕ್ ಬಗ್ಗೆ ನನಗೆ ನಂಬಿಕೆ ಇಲ್ಲ. ಪುಡಿ ಆಹಾರ ಹಾಕುವುದಾದರೆ ವಾರಕ್ಕೆ ಎರಡು ಮೂರು ಸಲ, ಎರಡು ಗಂಟೆಯಲ್ಲಿ ಮುಗಿಯುವಷ್ಟು. ಉಪವಾಸದಿಂದ ಸತ್ತ ಸೀಗಡಿ ನಾನು ನೋಡಿಲ್ಲ, ಜಾಸ್ತಿ ಊಟದಿಂದ ಕೆಟ್ಟ ಟ್ಯಾಂಕ್ ಬೇಕಾದಷ್ಟು ನೋಡಿದ್ದೇನೆ.

ಕೊಳ್ಳುವುದು, ಬಿಡುವುದು

ಟ್ಯಾಂಕ್ ತುಂಬಿದ ದಿನವೇ ಸೀಗಡಿ ತರಬೇಡಿ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು, ಗಾಜಿನ ಮೇಲೆ ತೆಳ್ಳಗೆ ಪಾಚಿ ಹಿಡಿದ ಮೇಲೆ ತನ್ನಿ.

ಅಂಗಡಿ, ಕೊರಿಯರ್, ನಿಮ್ಮ ಊರಲ್ಲೇ ಸಾಕಿ ಮಾರುವವರು, ಈ ಮೂವರಲ್ಲಿ ಮೂರನೆಯವರೇ ಮೇಲು. ಅವರ ನೀರು ನಿಮ್ಮ ನೀರಿನಂಥದ್ದೇ ಇರುವ ಸಾಧ್ಯತೆ ಜಾಸ್ತಿ, ಅಲ್ಲೇ ಹುಟ್ಟಿದ ಮರಿಗಳೂ ಸಿಗುತ್ತವೆ. ಅವರ ಟ್ಯಾಂಕಿನ ಟಿಡಿಎಸ್ ಕೇಳಿ. ‘ಅದೆಲ್ಲ ನೋಡಿಲ್ಲ’ ಅಂದರೆ ನಿಮ್ಮ ಪೆನ್ ಮೀಟರನ್ನೇ ಜೇಬಿನಿಂದ ತೆಗೆಯಿರಿ. ದೊಡ್ಡವು ಬೇಡ, ಅವುಗಳ ಆಯಸ್ಸೇ ಒಂದು, ಒಂದೂವರೆ ವರ್ಷ. ಅರ್ಧ ಇಂಚಿನ ಹನ್ನೆರಡು ಹದಿನೈದು ತಂದರೆ ಗಂಡು ಹೆಣ್ಣು ಎರಡೂ ಬಂದಿರುತ್ತವೆ.

ಮನೆಗೆ ತಂದ ಮೇಲೆ ಕವರ್ ಕತ್ತರಿಸಿ ಸುರಿದುಬಿಡಬೇಡಿ. ಮೆಡಿಕಲ್ ಶಾಪಿನಲ್ಲಿ ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ ಸಿಗುತ್ತೆ, ಅದರ ಉರುಳೆ ತಿರುಗಿಸಿ ಸೆಕೆಂಡಿಗೆ ಎರಡು ಹನಿ ಬೀಳುವ ಹಾಗೆ ಮಾಡಿ. ಟ್ಯಾಂಕಿನ ನೀರು ಹನಿ ಹನಿಯಾಗಿ ಸೀಗಡಿಯ ಡಬ್ಬಕ್ಕೆ ಬೀಳುತ್ತಾ ಎರಡು ಗಂಟೆ ಇರಲಿ. ಆಮೇಲೆ ಬಲೆಯಲ್ಲಿ ಎತ್ತಿ ಬಿಡಿ.

ಎರಡು ತಿಂಗಳೊಳಗೆ ಯಾವುದಾದರೂ ಹೆಣ್ಣಿನ ಕತ್ತಿನ ಹಿಂದೆ ಕುದುರೆಯ ಜೀನಿನ ಹಾಗೆ ಹಳದಿ ಗುರುತು ಕಾಣಿಸುತ್ತದೆ, ಅದು ಒಳಗೆ ಬಲಿಯುತ್ತಿರುವ ಮೊಟ್ಟೆ. ಆ ಹೆಣ್ಣು ಪೊರೆ ಬಿಟ್ಟ ರಾತ್ರಿ ಗಂಡುಗಳೆಲ್ಲ ಹುಚ್ಚು ಹಿಡಿದ ಹಾಗೆ ಟ್ಯಾಂಕ್ ತುಂಬಾ ಈಜುತ್ತವೆ. ಮರುದಿನ ಮೊಟ್ಟೆ ಹೊಟ್ಟೆಯ ಕೆಳಗೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ನೀರು ಬದಲಿಸುವುದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ. ಕೊನೆಯ ದಿನಗಳಲ್ಲಿ ಭೂತಗನ್ನಡಿ ಹಿಡಿದರೆ ಪ್ರತಿ ಮೊಟ್ಟೆಯೊಳಗೂ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಅವು ಕಣ್ಣು.